ಕಾಗದವಿಲ್ಲದ ದಾರಿ

೧೯೭೬ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ಕ್ಲಾಸಿನ ಅರ್ಧ ವರ್ಷ ಕಳೆದಿತ್ತು. ಫೇಲಾಗಿರಲಿಲ್ಲ, ಮೇಷ್ಟರು ಹೊಡೆದೂ ಇರಲಿಲ್ಲ. ಕಾಫಿ ಎಸ್ಟೇಟಿನಲ್ಲಿ ಮರಗಸಿ ಮಾಡುವಾಗ, ಅಂದರೆ ನೆರಳಿನ ಮರ ಸವರುವಾಗ, ಕಡಿದ ಕೊಂಬೆಯೊಂದು ಅಪ್ಪನ ಸೊಂಟದ ಮೇಲೆ ಬಿತ್ತು. ಅವರು ಎದ್ದು ಓಡಾಡುವವರೆಗೆ ಮನೆಯಿಂದ ಒಬ್ಬರು ಕೆಲಸಕ್ಕೆ ಹೋಗಬೇಕಿತ್ತು. ಮಕ್ಕಳಲ್ಲಿ ದೊಡ್ಡವನು ನಾನು. ಅಪ್ಪ ಎದ್ದರು, ಆದರೆ ಮರ ಹತ್ತುವ ಕೆಲಸ ಅವರಿಂದ ಮತ್ತೆ ಆಗಲಿಲ್ಲ. ನಾನೂ ಮತ್ತೆ ಶಾಲೆಯ ಕಡೆ ಹೋಗಲಿಲ್ಲ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಕಂಪ್ಯೂಟರು, ಸ್ಕ್ಯಾನರು, ಈಮೇಲು ಅಂತೆಲ್ಲ ಬರೆಯುವಾಗ ಇವನು ಕಾಲೇಜಿನ ಮೆಟ್ಟಿಲು ಹತ್ತಿದವನು ಎಂದು ಯಾರೂ ತಿಳಿಯಬಾರದು. ಹತ್ತಿಲ್ಲ. ಹತ್ತಲಿಲ್ಲವಲ್ಲ ಎಂದು ಕೂತು ಅತ್ತವನೂ ಅಲ್ಲ. ಕೊಂಬೆ ಹೊರುವುದರಿಂದ ಶುರುಮಾಡಿ ಗುಂಡಿ ತೆಗೆದೆ, ಗಿಡ ನೆಟ್ಟೆ, ಔಷಧಿ ಹೊಡೆದೆ, ಕಡೆಗೆ ಅದೇ ಎಸ್ಟೇಟಿನಲ್ಲಿ ಮೇಸ್ತ್ರಿಯಾದೆ. ನನ್ನ ಕೈಕೆಳಗೆ ಆಳುಗಳಿದ್ದಾಗಲೂ ನನ್ನ ಕೈಯಲ್ಲಿ ಕತ್ತಿ ಇರುತ್ತಿತ್ತು. ಕೊಡೆ ಹಿಡಿದು ನಿಂತು ಕೆಲಸ ಮಾಡಿಸುವ ಮೇಸ್ತ್ರಿ ನಾನಾಗಲಿಲ್ಲ.

ನಮ್ಮೂರು ಕೊಟ್ಟಿಗೆಹಾರದಿಂದ ಒಳಗೆ. ಎಸ್ಟೇಟಿನ ಹಿಂದೆ ಒಂದು ಗುಡ್ಡ, ಅದರ ಇಳಿಜಾರಿನಲ್ಲಿ ಮೂರು ಎಕರೆ ಜಾಗ ಲಂಟಾನ ಬೆಳೆದು ಬಿದ್ದಿತ್ತು. ೧೯೯೧ರಲ್ಲಿ ಅದು ಮಾರಾಟಕ್ಕೆ ಬಂತು. ಮೂಡಿಗೆರೆ ಪೇಟೆಯವರು ಯಾರೂ ಮುಟ್ಟಲಿಲ್ಲ, ಯಾಕೆಂದರೆ ಅದಕ್ಕೆ ದಾರಿ ಇರಲಿಲ್ಲ. ನಾನು ಹೋಗಿ ಎಸ್ಟೇಟಿನ ಸಾಹುಕಾರರ ಮುಂದೆ ನಿಂತೆ. ಅವರು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು.

"ತಗಳ ಮಾರಾಯ, ಒಳ್ಳೆ ಮಣ್ಣು ಅದು," ಅಂದರು.

"ದಾರಿ ಇಲ್ವಲ್ಲ ಅಯ್ಯ."

"ದಾರಿ ಇಲ್ದೆ ಏನು? ನಮ್ಮ ಜೀಪು ದಾರಿ ಆ ಗುಡ್ಡದ ಬುಡದ ತನಕ ಹೋಗ್ತದಲ್ಲ, ಅದರಲ್ಲೇ ಓಡಾಡು. ಮಳೆಗೆ ಮುಂಚೆ ಚರಂಡಿ ಬಿಡ್ಸೋಕೆ ಬಂದ್ರೆ ಆಯ್ತು."

ಇಷ್ಟೇ ಮಾತು. ನಮ್ಮ ಕಡೆ ಇದು ಸಾಕಿತ್ತು. ಇನ್ನೊಬ್ಬರ ತೋಟದ ದಾರಿಯಲ್ಲಿ ಓಡಾಡುವವರು ಮಳೆಗಾಲಕ್ಕೆ ಮುಂಚೆ ಒಂದು ದಿನ ಆ ದಾರಿಯ ಚರಂಡಿ ಬಿಡಿಸಿ ಕೊಡಬೇಕು. ಯಾರ ಗುದ್ದಲಿ ಆ ದಾರಿಯಲ್ಲಿ ಆಡುತ್ತದೋ ಅವರಿಗೆ ದಾರಿ ಉಂಟು ಎಂದು ಊರಿಗೆಲ್ಲ ಗೊತ್ತು. ನಾವು ಗಂಡ ಹೆಂಡತಿ ಪ್ರತಿ ವರ್ಷ ಹೋಗುತ್ತಿದ್ದೆವು. ಎಸ್ಟೇಟಿನ ಲೈನುಮನೆಗಳಲ್ಲಿದ್ದ ಕೂಲಿಯವರೂ ಬರುತ್ತಿದ್ದರು. ಬಿದ್ದ ದರಗು ಬಾಚಿ, ಕುಸಿದ ಮಣ್ಣು ಎತ್ತಿ, ನೀರು ದಾರಿಗೆ ನುಗ್ಗದ ಹಾಗೆ ಕಂಡಿ ಕಡಿದು ಮುಗಿಸುವ ಹೊತ್ತಿಗೆ ಸಾಹುಕಾರರ ಮನೆಯಿಂದ ಕಡುಬು, ಕೋಳಿ ಸಾರು ಬರುತ್ತಿತ್ತು. ದಾರಿಯ ಮೇಲೇ ಸಾಲಾಗಿ ಕೂತು ಉಣ್ಣುತ್ತಿದ್ದೆವು. ಆ ದಾರಿಗೆ ಒಂದು ಕಾಗದ ಬರೆದು ಕೊಡಿ ಎಂದು ನಾನು ಕೇಳಿದ್ದರೆ, ನಿಮ್ಮ ಮಾತಿನ ಮೇಲೆ ನನಗೆ ನಂಬಿಕೆ ಇಲ್ಲ ಎಂದು ಅವರ ಮುಖಕ್ಕೆ ಹೇಳಿದಂತೆ ಆಗುತ್ತಿತ್ತು. ಕೇಳಲಿಲ್ಲ. ಕೇಳಬೇಕು ಎಂದು ಹೊಳೆಯಲೂ ಇಲ್ಲ.

ಮೂರು ಎಕರೆಯಲ್ಲಿ ರೊಬಸ್ಟಾ ಹಾಕಿದೆ. ಬೆಳಿಗ್ಗೆ ಎಸ್ಟೇಟಿನ ಕೆಲಸ, ಸಂಜೆ ನನ್ನ ಗುಡ್ಡ. ಗಿಡ ಫಸಲಿಗೆ ಬಂದ ಮೇಲೆ ಅಲ್ಲೇ ಮನೆ ಕಟ್ಟಿ, ಮೇಸ್ತ್ರಿ ಕೆಲಸ ಬಿಟ್ಟೆ. ಕೊಯ್ಲಿನ ಕಾಲಕ್ಕೆ ಕೊಟ್ಟಿಗೆಹಾರದಿಂದ ಬಾಡಿಗೆ ಜೀಪು ಆ ದಾರಿಯಲ್ಲೇ ಬಂದು ಗುಡ್ಡದ ಬುಡದಲ್ಲಿ ನಿಂತು ಮೂಟೆ ತುಂಬಿಕೊಂಡು ಹೋಗುತ್ತಿತ್ತು.

ಸಾಹುಕಾರರು ತೀರಿಕೊಂಡ ಮೇಲೆ ಎಸ್ಟೇಟು ಪಾಲಾಯಿತು. ಪಾಲಾದದ್ದು ಮಾರಾಟವಾಯಿತು. ಕೊಂಡವರು ಬಯಲುಸೀಮೆಯ ಕಡೆ ಕಂಟ್ರಾಕ್ಟು ಮಾಡುವವರು. ಭಾನುವಾರ ಬರುವುದು, ತೋಟ ಸುತ್ತುವುದು, ಸೋಮವಾರ ಹೋಗುವುದು. ಮೊದಲನೇ ವರ್ಷ ಅವರ ಕಣದಿಂದ ಒಣಗಿಸಲು ಹಾಕಿದ್ದ ಕಾಫಿ ಕಳುವಾಯಿತು. ೨೦೦೫ರ ಬೇಸಿಗೆಯಲ್ಲಿ ಅವರು ದಾರಿಯ ಬಾಯಿಗೆ ಕಬ್ಬಿಣದ ಗೇಟು ಹಾಕಿಸಿದರು. ನಡೆದುಹೋಗುವವರಿಗೆ ಪಕ್ಕದಲ್ಲಿ ಸಣ್ಣ ಕಂಡಿ. ಗಾಡಿಗೆ ಬೀಗ.

ಕಳ್ಳತನವಾದ ಮೇಲೆ ಗೇಟು ಹಾಕುವುದು ತಪ್ಪು ಎಂದು ನಾನು ಹೇಳುವುದಿಲ್ಲ, ನಾನಾಗಿದ್ದರೂ ಹಾಕಿಸುತ್ತಿದ್ದೆ. ಆದರೆ ಜನವರಿಯಲ್ಲಿ ನನ್ನ ಕೊಯ್ಲು. ಜೀಪು ಒಳಗೆ ಬಾರದಿದ್ದರೆ ಅಷ್ಟೂ ಕಾಫಿಯನ್ನು ತಲೆಯ ಮೇಲೆ ಟಾರು ರಸ್ತೆಯವರೆಗೆ ಹೊರಬೇಕು. ಭಾನುವಾರ ಅವರನ್ನೇ ಕಾದು ದಾರಿಯಲ್ಲಿ ನಿಂತೆ. ಅವರು ಕಾರು ನಿಲ್ಲಿಸಿ ಇಳಿದರು. ಕೆಟ್ಟ ಮನುಷ್ಯರಲ್ಲ, ಕೈ ಮುಗಿದೇ ಮಾತಾಡಿಸಿದರು.

"ದಾರಿ ನಿಮಗೆ ಇದೆ ಅನ್ನೋಕೆ ಏನಿದೆ ನಿಮ್ಹತ್ರ?"

"ತೋಟ ತಗೊಂಡಾಗಿಂದ ಇದರಲ್ಲೇ ಓಡಾಡ್ತಿದೀನಿ ಸಾರ್. ಚರಂಡಿ ಬಿಡ್ಸೋದೂ ನಾವೇ."

"ಓಡಾಡ್ತಿರೋದು ಕಾಣುತ್ತೆ, ಬಿಡಿ. ಕಾಗದ ಏನಿದೆ ಹೇಳಿ. ಇರೋ ಡಾಕ್ಯುಮೆಂಟ್ಸ್ ಎಲ್ಲ ಸ್ಕ್ಯಾನ್ ಮಾಡಿ ನನಗೆ ಮೇಲ್ ಮಾಡಿ. ಲಾಯರ್ ನೋಡಿ ಸರಿ ಅಂದ್ರೆ ನಾಳೆನೇ ಕೀ ಕೊಡ್ತೀನಿ." ಆಮೇಲೆ ನನ್ನ ಕಾಲಿನ ಕಡೆ ನೋಡಿದರು. ಮಣ್ಣು ಮೊಣಕಾಲಿನವರೆಗೆ ಇತ್ತು. "ಇಲ್ಲೆಲ್ಲ ಸ್ಕ್ಯಾನ್ ಗೀನ್ ಮಾಡೋರು ಯಾರಾದ್ರೂ ಸಿಗ್ತಾರಾ?"

"ಮನೇಲೇ ಕಂಪ್ಯೂಟರ್ ಇದೆ," ಅಂದೆ.

ಕಂಪ್ಯೂಟರು ಇದ್ದದ್ದು ನಿಜ. ಮಗಳು ಮೂಡಿಗೆರೆಯಲ್ಲಿ ಕಂಪ್ಯೂಟರ್ ಕಲಿಯುವಾಗ ಅವಳಿಗೆಂದು ತಂದದ್ದು. ಅವಳು ಮದುವೆಯಾಗಿ ಕಳಸಕ್ಕೆ ಹೋದಳು, ಅದು ಇಲ್ಲೇ ಉಳಿಯಿತು. ಹೋಗುವ ಮುಂಚೆ ಹಾಕುವುದು, ಆರಿಸುವುದು, ಕನ್ನಡದಲ್ಲಿ ಒಂದು ಸಾಲು ಬರೆಯುವುದು ಕಲಿಸಿಕೊಟ್ಟಿದ್ದಳು. ಸ್ಕ್ಯಾನರು ಮಾತ್ರ ನಮ್ಮಲ್ಲಿ ಇರಲಿಲ್ಲ. ಇದೆ ಎಂದು ನಾನು ಹೇಳಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ಅದೇ ವಾರ ಚಿಕ್ಕಮಗಳೂರಿಗೆ ಹೋಗಿ ಒಂದನ್ನು ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಬಸ್ಸು ಹಳ್ಳಕ್ಕೆ ಇಳಿದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದೆ.

"ಗೊಬ್ಬರದ ದುಡ್ಡು ಇದಕ್ಕೆ ಹೋಯ್ತಾ?" ಹೆಂಡತಿ ಡಬ್ಬಿ ನೋಡಿ ಕೇಳಿದಳು.

"ದಾರಿ ಉಳೀಬೇಕಲ್ಲ ಮಾರಾಯ್ತಿ."

"ದಾರಿ ಅಲ್ಲೇ ಇದೆ. ಬೀಗ ತೆಗೆಯೋ ಮಿಷನ್ ತರೋದು ಬಿಟ್ಟು..." ಅನ್ನುತ್ತ ಒಳಗೆ ಹೋದಳು.

ನಮ್ಮ ಮನೆಯ ಕಾಗದಗಳು ಒಂದು ತಂತಿಯಲ್ಲಿದ್ದವು. ಕೆಳಗೆ ಮರದ ಬಿಲ್ಲೆ, ಮೇಲೆ ಕೊಕ್ಕೆ. ಬಂದ ರಸೀದಿ, ಚೀಟಿ, ಪತ್ರ ಎಲ್ಲವನ್ನೂ ನಡುವೆ ಚುಚ್ಚಿ ಇಳಿಸುವುದು. ನಮ್ಮ ಕಡೆಯ ಮಳೆಗೆ ಪೆಟ್ಟಿಗೆಯಲ್ಲಿಟ್ಟ ಕಾಗದ ಬೂಷ್ಟು ಹಿಡಿದು ಅಂಟಿಕೊಳ್ಳುತ್ತದೆ. ಅದಕ್ಕೆ ತಂತಿಯನ್ನು ಒಲೆಯ ಮೇಲಿನ ತೊಲೆಗೆ ಸಿಕ್ಕಿಸಿದ್ದೆ. ಹೊಗೆ ಬಡಿದರೆ ಹುಳವೂ ಬರುವುದಿಲ್ಲ, ಬೂಷ್ಟೂ ಬರುವುದಿಲ್ಲ. ಒಂದು ಕಾಗದವನ್ನೂ ನಾನು ಕಳೆದವನಲ್ಲ. ತಾಲ್ಲೂಕು ಕಚೇರಿಗೆ ಹೋದಾಗಲೂ ಇವರು ಏನು ಕೇಳಿದರೂ ನನ್ನ ಹತ್ತಿರ ಇದೆ ಎಂಬ ಧೈರ್ಯದಲ್ಲೇ ಹೋಗುತ್ತಿದ್ದೆ.

ಆ ಹೊಗೆಯೇ ಸ್ಕ್ಯಾನರಿನಲ್ಲಿ ಮುಳುವಾಯಿತು. ಮೊದಲ ದಿನ ಕಂದಾಯದ ರಸೀದಿಯೊಂದನ್ನು ಗಾಜಿನ ಮೇಲೆ ಮಗುಚಿ ಹಾಕಿ ಮುಚ್ಚಳ ಮುಚ್ಚಿದೆ. ಒಳಗೆ ಬಿಳಿ ಬೆಳಕಿನ ಪಟ್ಟಿ ಕೊರ್ ಎಂದು ಗೊಣಗುತ್ತ ಈ ಕಡೆಯಿಂದ ಆ ಕಡೆಗೆ ಹೋಯಿತು. ಪರದೆಯ ಮೇಲೆ ಬಂದದ್ದು ಸುಟ್ಟ ರೊಟ್ಟಿ. ನಡುವೆ ಒಂದು ತೂತು. ಮಗಳಿಗೆ ಫೋನು ಮಾಡಿದೆ.

"ಬ್ರೈಟ್‌ನೆಸ್ ಜಾಸ್ತಿ ಮಾಡಿ ಅಪ್ಪ."

"ಮಾಡ್ದೆ. ಈಗ ಅಕ್ಷರವೂ ಹೋಯ್ತು."

"ಅಷ್ಟು ಜಾಸ್ತಿ ಅಲ್ಲ. ಉಪ್ಪು ಹಾಕೋ ಹಾಗೆ, ಸ್ವಲ್ಪ ಸ್ವಲ್ಪ."

ಹಾಗೆ ಸ್ವಲ್ಪ ಸ್ವಲ್ಪ ಮಾಡಿ ಕಲಿತೆ. ಹಳೆಯ ರಸೀದಿಗಳು ತೆಳು. ಹಿಂದಿನ ಬದಿಯ ಬರಹ ಮುಂದೆ ಮೂಡಿ ಎರಡೂ ಕಲಸಿಹೋಗುತ್ತಿದ್ದವು. ಹಿಂದುಗಡೆ ಕರಿ ಹಾಳೆ ಇಡಿ ಎಂದು ಮಗಳೇ ಹೇಳಿದಳು. ಕರಿ ಹಾಳೆ ಎಲ್ಲಿಂದ ತರುವುದು? ಕಾಫಿ ಸಸಿ ಹಾಕುವ ಕರಿ ಪ್ಲಾಸ್ಟಿಕ್ ತೊಟ್ಟೆಯೊಂದನ್ನು ತೊಳೆದು, ಸೀಳಿ, ಬಿಡಿಸಿ, ಕಾಗದದ ಬೆನ್ನಿಗೆ ಇಟ್ಟೆ. ಆಗ ಅಕ್ಷರ ನಿಂತಿತು.

ಮಳೆ ಹಿಡಿದ ಮೇಲೆ ಅದೇ ನನ್ನ ಸಂಜೆಯ ಕೆಲಸವಾಯಿತು. ಹಗಲೆಲ್ಲ ಕಂಬಳಿ ಕೊಪ್ಪೆಯಲ್ಲಿ ಕಾಫಿ ಗಿಡದ ಬೇಡದ ಚಿಗುರು ತೆಗೆದು, ಬಸಿಗಾಲುವೆ ನೋಡಿ, ಬಿಸಿನೀರು ಹುಯ್ದುಕೊಂಡು ಬಂದು ಕೂರುವುದು. ಕೂತರೆ ಕರೆಂಟಿಲ್ಲ. ಕರೆಂಟು ಬಂದರೆ ವೋಲ್ಟೇಜಿಲ್ಲ. ಬೆಳಕಿನ ಪಟ್ಟಿ ಅರ್ಧ ದಾರಿಗೆ ಹೋಗಿ ನಿಂತು, ಗುಡ್ಡ ಹತ್ತಲಾರದ ಎತ್ತಿನ ಹಾಗೆ ನಡುಗುತ್ತಿತ್ತು. ಮುಚ್ಚಳ ತೆಗೆದು, ಆರಿಸಿ, ಮತ್ತೆ ಹಾಕಿ, ಅದೇ ಕಾಗದವನ್ನು ಮತ್ತೆ ಮಲಗಿಸುವುದು. ಗಾಜಿನ ಒಳಮೈಗೆ ಹವೆ ಕಟ್ಟುತ್ತಿತ್ತು. ಒಂದೊಂದು ದಿನ ಒಂದೇ ಕಾಗದ ಆಗುತ್ತಿತ್ತು. ಗುದ್ದಲಿ ಹಿಡಿದರೆ ಆಗುವ ಆಯಾಸ ನನಗೆ ಗೊತ್ತು, ಅದು ಉಂಡು ಮಲಗಿದರೆ ಹೋಗುತ್ತದೆ. ಇದು ಕುತ್ತಿಗೆಯಲ್ಲಿ ಕೂತು ಹೋಗುತ್ತಲೇ ಇರಲಿಲ್ಲ.

ಇನ್ನೊಂದು ವಿಷಯವೂ ಇತ್ತು. ಕಾಗದ ಪರದೆಯ ಮೇಲೆ ಬಂದಾಗ ಅಕ್ಷರಗಳು ಹೆಬ್ಬೆರಳಿನಷ್ಟು ದಪ್ಪವಾಗಿ ಕಾಣುತ್ತಿದ್ದವು. ಓದದೆ ಇರಲು ಆಗುತ್ತಿರಲಿಲ್ಲ. ಕ್ರಯಪತ್ರವನ್ನು ಹಾಕಿದ ದಿನ ಚಕ್ಕುಬಂದಿಯನ್ನು ಓದಿದೆ. ಪೂರ್ವಕ್ಕೆ ಎಸ್ಟೇಟು, ದಕ್ಷಿಣಕ್ಕೆ ಎಸ್ಟೇಟು, ಉತ್ತರಕ್ಕೆ ಸರ್ಕಾರಿ ಕಾಡು, ಪಶ್ಚಿಮಕ್ಕೆ ಭಟ್ಟರ ಅಡಿಕೆ ತೋಟ. ದಾರಿ ಎಂಬ ಶಬ್ದ ಎಲ್ಲೂ ಇಲ್ಲ. ನಕ್ಷೆಯನ್ನು ಹಾಕಿದೆ, ಅದರಲ್ಲಿ ಹಳ್ಳದ ಗೆರೆ ಇತ್ತು, ದಾರಿಯ ಗೆರೆ ಇಲ್ಲ. ಅಲ್ಲಿಗೇ ನನಗೆ ಗೊತ್ತಾಯಿತು. ಆದರೂ ನಿಲ್ಲಿಸಲಿಲ್ಲ. ಪಹಣಿ, ಕಂದಾಯ, ಕರೆಂಟು, ಗೊಬ್ಬರದ ರಸೀದಿ, ರೇಷನ್ ಕಾರ್ಡು, ಎಲ್ಲವನ್ನೂ ಹಾಕುತ್ತಾ ಹೋದೆ.

"ಅವರು ದಾರಿ ಕಾಗದ ಕೇಳಿದ್ರೆ ನೀವು ಕರೆಂಟ್ ಬಿಲ್ ಕಳಿಸ್ತೀರಾ?" ಹೆಂಡತಿ ಕಾಫಿ ತಂದಿಟ್ಟು ಕೇಳಿದಳು.

"ನಾವು ಇಲ್ಲೇ ಇದ್ದೋರು ಅಂತ ಗೊತ್ತಾಗ್ಲಿ."

"ಇಲ್ಲೇ ಇದೀವಿ ಅಂತ ಅವರಿಗೆ ಗೊತ್ತು. ಹೊರಗೆ ಹೆಂಗೆ ಹೋಗ್ತೀವಿ ಅಂತ ಅವರು ಕೇಳ್ತಿರೋದು."

 ಕಾಗದ ಇಲ್ಲದವನು ಎಂದು ಅನ್ನಿಸಿಕೊಳ್ಳಲು ನನಗೆ ಆಗದು, ಅಷ್ಟೇ. ಯಾರದೋ ಜಾಗಕ್ಕೆ ಬೇಲಿ ಹಾಕಿ ಕೂತವನಲ್ಲ ನಾನು. ಅದನ್ನು ಆ ಮನುಷ್ಯ ಒಂದೊಂದು ರಸೀದಿಯಲ್ಲೂ ನೋಡಲಿ ಎಂದು ಹಟ ಹುಟ್ಟಿತ್ತು.

ತಂತಿಯ ತಳದಲ್ಲಿ ಒಂದು ಚೀಟಿ ಸಿಕ್ಕಿತು. ತೀರಿಹೋದ ಸಾಹುಕಾರರು ಎಸ್ಟೇಟಿನ ಲೆಕ್ಕ ನೋಡುತ್ತಿದ್ದ ತಮ್ಮ ರೈಟರಿಗೆ ಬರೆದದ್ದು: ಇವನಿಗೆ ಇನ್ನೂರು ಸಿಲ್ವರ್ ಓಕ್ ಸಸಿ ಕೊಟ್ಟು ನಮ್ಮ ಜೀಪಿನಲ್ಲಿ ಅವನ ಗುಡ್ಡಕ್ಕೆ ಮುಟ್ಟಿಸುವುದು. ಕೆಳಗೆ ಅವರ ರುಜು. ಆ ಅಕ್ಷರ ಪರದೆಯ ಮೇಲೆ ದೊಡ್ಡದಾಗಿ ಬಂತು. ಜೀಪು ನನ್ನ ಗುಡ್ಡಕ್ಕೆ ಹೋಗುತ್ತಿತ್ತು ಎನ್ನಲು ಇಷ್ಟಾದರೂ ಇದೆಯಲ್ಲ ಎಂದು ಜೀವ ಬಂದ ಹಾಗಾಯಿತು. ಉಳಿದ ಎಲ್ಲಕ್ಕಿಂತ ಅದನ್ನು ಚೆನ್ನಾಗಿ ತೆಗೆದೆ.

ಮನೆಯ ಫೋನಿನಲ್ಲಿ ಇಂಟರ್ನೆಟ್ಟು ಹತ್ತುತ್ತಿತ್ತು, ಮಳೆಗೆ ತಟ್ಟನೆ ಜಾರುತ್ತಿತ್ತು. ಎಲ್ಲವನ್ನೂ ಸಿ.ಡಿ.ಗೆ ಹಾಕಿಕೊಂಡು ಮೂಡಿಗೆರೆಗೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸು, ಇಂಟರ್ನೆಟ್ಟು ಎರಡೂ ಇಟ್ಟಿದ್ದ ಒಬ್ಬ ಹೆಂಗಸಿದ್ದರು. ಸಿ.ಡಿ. ಹಾಕಿ ನೋಡಿ ತಲೆಯ ಮೇಲೆ ಕೈಯಿಟ್ಟರು.

"ಏನಣ್ಣ, ಇಡೀ ತಾಲ್ಲೂಕ್ ಆಫೀಸೇ ತಂದಿದೀರಲ್ಲ. ಒಂದೊಂದು ಫೈಲೂ ಎಮ್ಮೆ ಇದ್ದ ಹಾಗಿದೆ."

"ಚೆನ್ನಾಗಿ ಕಾಣ್ಲಿ ಅಂತ ದೊಡ್ಡದಾಗೇ ಮಾಡ್ದೆ."

"ಕಾಣುತ್ತೆ, ಕಾಣುತ್ತೆ. ಹೋಗ್ಬೇಕಲ್ಲ ಪುಣ್ಯಾತ್ಮ." ಆದರೂ ಬೇಸರ ಮಾಡಿಕೊಳ್ಳದೆ ಒಂದೊಂದನ್ನೂ ಕುಗ್ಗಿಸಿ, ಸಂಜೆಯ ಬಸ್ಸಿನ ಹೊತ್ತಿಗೆ ಎಲ್ಲ ಕಳಿಸಿಕೊಟ್ಟರು.

ಎಂಟು ಹತ್ತು ದಿನ ಬಿಟ್ಟು ಎಸ್ಟೇಟಿನವರ ಫೋನು ಬಂತು.

"ಕಳಿಸಿದ್ದು ಬಂತು. ಆದ್ರೆ ಯಾವ ಪತ್ರದಲ್ಲೂ ಸಹಿ ಇಲ್ಲ, ಸೀಲಿಲ್ಲ. ನಮ್ಮ ಲಾಯರ್ ಇದೇನಿದು ಅಂತಿದಾರೆ."

 ಕಳ್ಳ ಕಾಗದ ಮಾಡಿದವನೆಂದು ಹೇಳಿದಂತೆಯೇ ಕೇಳಿಸಿತು. ಫೋನಿಟ್ಟು ಕ್ರಯಪತ್ರ ತೆಗೆದು ನೋಡಿದರೆ ರುಜು ಇದೆ, ಮೊಹರು ಇದೆ. ಪರದೆಯಲ್ಲಿ ನೋಡಿದರೆ ಇಲ್ಲ. ಆಮೇಲೆ ತಿಳಿಯಿತು. ಸ್ಟಾಂಪು ಕಾಗದ ಉದ್ದ, ಸ್ಕ್ಯಾನರಿನ ಗಾಜು ಗಿಡ್ಡ. ಮುಚ್ಚಳದ ಹೊರಗೆ ಕಾಗದ ಚಾಚಬಾರದು, ಮುದುರಬಾರದು ಎಂದು ಉದ್ದದ ಪ್ರತಿಯೊಂದರ ಕೆಳಭಾಗವನ್ನೂ ನಾನೇ ನೀಟಾಗಿ ಹಿಂದಕ್ಕೆ ಮಡಿಸಿ ಇಟ್ಟಿದ್ದೆ. ರುಜು ಹಾಕುವುದು ಕೆಳಗೆ. ಮೊಹರು ಒತ್ತುವುದು ಕೆಳಗೆ. ಆ ಮಳೆಗಾಲವೆಲ್ಲ ನಾನು ಜೋಪಾನವಾಗಿ ಮಡಿಸಿ ಮುಚ್ಚಿಟ್ಟದ್ದು ಅದನ್ನೇ.

ಹೆಂಡತಿ ಮಡಿಕೆ ಬಿದ್ದ ಕಾಗದಗಳನ್ನು ಒಂದೊಂದಾಗಿ ಕೈಯಲ್ಲಿ ನೀವಿ ಸರಿಮಾಡಿ ಕೊಟ್ಟಳು. 

ಮತ್ತೆ ಶುರು. ಉದ್ದದ ಕಾಗದಗಳನ್ನೆಲ್ಲ ಎರಡೆರಡು ಸಲ, ತಲೆ ಒಮ್ಮೆ, ಬುಡ ಒಮ್ಮೆ. ದಸರೆಯ ರಜೆಗೆ ಬಂದ ಮಗಳು ಒಂದು ದಿನ ಪಕ್ಕದಲ್ಲಿ ಕೂತು ಅವನ್ನು ಜೋಡಿಸಿಕೊಟ್ಟಳು. ಜೋಡಿಸುವಾಗ ಅವಳೂ ಓದಿದ್ದಾಳೆ.

"ಅಪ್ಪ, ಇದರಲ್ಲಿ ದಾರಿ ಎಲ್ಲೂ ಇಲ್ಲ."

"ಗೊತ್ತು."

"ಗೊತ್ತಿದ್ದೂ...?"

"ನೀನು ಜೋಡ್ಸು."

ಮತ್ತೆ ಸಿ.ಡಿ., ಮತ್ತೆ ಮೂಡಿಗೆರೆ, ಮತ್ತೆ ಆ ಹೆಂಗಸು. "ಬಂದ್ರಾ ಅಣ್ಣ, ಎಮ್ಮೆ ಹೊಡ್ಕೊಂಡು," ಅಂದರು. ನಗುವ ಚೈತನ್ಯ ನನ್ನಲ್ಲಿರಲಿಲ್ಲ.

ದೀಪಾವಳಿ ಕಳೆದ ಮೇಲಿನ ಭಾನುವಾರ ಎಸ್ಟೇಟಿನವರು ನನ್ನನ್ನು ಗೇಟಿನ ಹತ್ತಿರ ಕರೆಸಿದರು. ಕಳಿಸಿದ್ದನ್ನೆಲ್ಲ ಅಚ್ಚು ಹಾಕಿಸಿ ಒಂದು ಕಡತ ಮಾಡಿ ತಂದಿದ್ದರು. ನನ್ನ ತಂತಿಯ ತೂತು ಪ್ರತಿ ಹಾಳೆಯ ನಡುವೆಯೂ ಕರಿ ಚುಕ್ಕಿಯಾಗಿ ಕೂತಿತ್ತು.

"ನೋಡಿ, ತೋಟ ನಿಮ್ಮದೇ. ಅದರಲ್ಲಿ ಒಂದು ಚೂರೂ ಅನುಮಾನ ಇಲ್ಲ. ಇಷ್ಟು ನೀಟಾಗಿ ಕಾಗದ ಇಟ್ಟೋರನ್ನ ನಾನು ನೋಡಿಲ್ಲ. ಆದ್ರೆ ದಾರಿ ಇಲ್ಲ ಇದರಲ್ಲಿ."

"ಸಾಹುಕಾರರ ಚೀಟಿ ಇದೆಯಲ್ಲ ಸಾರ್. ಜೀಪಿನಲ್ಲಿ ಮುಟ್ಟಿಸುವುದು ಅಂತ."

"ಓದಿದೆ. ಅದು ಸಸಿ ಕೊಟ್ಟ ಚೀಟಿ. ಅವರ ಜೀಪು, ಅವರ ದಾರಿ, ಅವರ ಇಷ್ಟ." ಸ್ವಲ್ಪ ತಡೆದು, "ಒಂದು ಕೆಲಸ ಮಾಡಿ. ವರ್ಷಕ್ಕಿಷ್ಟು ಅಂತ ಒಂದು ಅಗ್ರಿಮೆಂಟ್ ಮಾಡ್ಕೊಳ್ಳೋಣ. ದೊಡ್ಡ ಮೊತ್ತ ಏನಲ್ಲ. ಕೀ ನಿಮ್ಮ ಕೈಯಲ್ಲೇ ಇರುತ್ತೆ," ಅಂದರು.

ಯೋಚಿಸಿ ಹೇಳುತ್ತೇನೆ ಎಂದು ಬಂದೆ. ಯೋಚಿಸಲು ಏನೂ ಇರಲಿಲ್ಲ. ಆ ದಾರಿಯ ಚರಂಡಿಯಲ್ಲಿ ನನ್ನ ಅಂಗೈ ಚರ್ಮ ಹೋಗಿದೆ. ಅದಕ್ಕೆ ಬಾಡಿಗೆ ಕೊಡುವುದು ನನ್ನಿಂದ ಆಗುವ ಕೆಲಸವಲ್ಲ.

"ಕೊಟ್ಟುಬಿಡಿ," ಅಂದಳು ಹೆಂಡತಿ. "ಏನು ಕಳಕೊಳ್ತೀವಿ?"

"ಬಾಡಿಗೆ ಕೊಟ್ಟು ನನ್ನ ಮನೆಗೆ ನಾನು ಬರೋದಾ?"

"ಹೂಂ. ಹಂಗಾದ್ರೆ ನೀವು ಅಭಿಮಾನ ತಲೆ ಮೇಲೆ ಹೊತ್ಕೊಂಡು ಬನ್ನಿ. ಮೂಟೆ ನಾನು ಹೊರ್ತೀನಿ."

ಕೋರ್ಟಿಗೆ ಹೋಗು ಎಂದವರೂ ಇದ್ದರು. ಕಾಗದ ಇಲ್ಲದಿದ್ದರೂ ಬಳಸಿದ ದಾರಿಗೆ ಹಕ್ಕು ಇದೆ, ಹತ್ತು ಸಾಕ್ಷಿ ನಿಲ್ಲಿಸಬಹುದು ಎಂದರು. ಇರಬಹುದು. ಸಾಕ್ಷಿ ಹೇಳಬೇಕಾದ ಲೈನಿನವರು ಈಗ ಕೂಲಿಗೆ ಹೋಗುವುದು ಇವರ ತೋಟಕ್ಕೇ. ಅವರನ್ನು ಕಟಕಟೆಗೆ ಹತ್ತಿಸಿ ಅವರ ಅನ್ನಕ್ಕೆ ಕಲ್ಲು ಹಾಕಲು ಮನಸ್ಸು ಒಪ್ಪಲಿಲ್ಲ.

ಆ ವರ್ಷದ ಕೊಯ್ಲು ಹೊತ್ತೆವು. ನಾನು, ಹೆಂಡತಿ, ಸಿಕ್ಕಷ್ಟು ಆಳು. ಗುಡ್ಡದ ಬುಡದಿಂದ ಗೇಟಿನ ಕಂಡಿಯವರೆಗೆ, ಕಂಡಿಯಲ್ಲಿ ಮೂಟೆ ಅಡ್ಡ ಹಿಡಿದು ದಾಟಿಸಿ, ಅಲ್ಲಿಂದ ಟಾರು ರಸ್ತೆಗೆ. ಹೊರುವ ಕೂಲಿ ಕೊಡುವ ಹೊತ್ತಿಗೆ ಕಾಫಿಯಲ್ಲಿ ಏನೂ ಉಳಿಯುವುದಿಲ್ಲ ಎಂದು ಕಂಡಿತು. ನಡುವೆ ಒಂದು ದಿನ ಹೆಂಡತಿ ಮೂಟೆ ಇಳಿಸಿ ದಾರಿಯ ಮೇಲೆ ಕೂತವಳು ಬಹಳ ಹೊತ್ತು ಏಳಲಿಲ್ಲ. ನಾನೂ ಪಕ್ಕದಲ್ಲಿ ಕೂತೆ. ಅವಳು ನನ್ನನ್ನು ಬೈದಿದ್ದರೆ ಅಂದೇ ಹೋಗಿ ಅಗ್ರಿಮೆಂಟಿಗೆ ರುಜು ಹಾಕುತ್ತಿದ್ದೆನೋ ಏನೋ. ಬೈಯಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, "ಎತ್ತಿ," ಅಂದಳು.

ಪಶ್ಚಿಮದ ಭಟ್ಟರು ಇದನ್ನೆಲ್ಲ ತಮ್ಮ ತೋಟದಿಂದ ನೋಡುತ್ತಿದ್ದರು. ಅವರ ಅಡಿಕೆ ತೋಟದ ಕೆಳಗೆ ಪಂಚಾಯ್ತಿ ರಸ್ತೆ ಇದೆ. ನನ್ನ ಇಳಿಜಾರಿಗೂ ಆ ರಸ್ತೆಗೂ ನಡುವೆ ಅವರ ಜಾಗ. ಕೊಯ್ಲು ಮುಗಿದ ವಾರ ಬೇಲಿಯ ಆಚೆ ನಿಂತು ಕರೆದರು.

"ಎಂತ ಮಾರಾಯ, ಸಾಯ್ಲಿಕ್ಕೆ ಹೊರಟಿದ್ದೀಯ? ನನ್ನ ತೋಟದ ಅಂಚಲ್ಲಿ ಒಂದು ಜೀಪು ಹೋಗುವಷ್ಟು ಜಾಗ ಉಂಟು. ಅಲ್ಲೇ ಮಾಡ್ಕೊ."

ಆ ಮಾತು ಕೇಳಿ ಎದೆ ತುಂಬಿ ಬಂದದ್ದು ಸತ್ಯ. ಆದರೆ ಬಾಯಿಂದ ಬಂದದ್ದು ಬೇರೆ.

"ಕಾಗದ ಮಾಡ್ಕೊಳ್ಳೋಣ ಭಟ್ರೇ."

ಅವರು ನನ್ನ ಮುಖ ನೋಡಿದರು. "ಎಂತಕ್ಕೆ ಕಾಗದ? ನಾನು ಗೇಟು ಹಾಕ್ತೇನೆ ಅಂತ ಹೆದರಿಕೆಯಾ?"

"ನೀವು ಹಾಕಲ್ಲ. ನಿಮ್ಮ ನಂತರ ಯಾರು ಬರ್ತಾರೋ ಗೊತ್ತಿಲ್ವಲ್ಲ."

"ನನ್ನ ನಂತರದ್ದು ನನಗೇ ಯೋಚನೆ ಇಲ್ಲ, ನಿನಗುಂಟಾ?" ಅಂದರು. ಅಷ್ಟು ಹೇಳಿ ಒಳಗೆ ಹೋದರು. ಮೂರ್ನಾಲ್ಕು ದಿನ ಬೇಲಿಯ ಕಡೆ ಬರಲಿಲ್ಲ. ನಾನೇ ಅವರ ಮನೆಗೆ ಹೋದೆ. ಪುಕ್ಕಟೆ ಬೇಡ, ಅವರ ತೋಟಕ್ಕೆ ತಾಗಿದ ನನ್ನ ಎಂಟು ಗುಂಟೆ ಅವರಿಗೆ, ಅಂಚಿನ ಪಟ್ಟಿ ನನಗೆ, ಅದಲುಬದಲು ಪತ್ರ ಮಾಡೋಣ ಎಂದೆ. ನನ್ನ ಎಂಟು ಗುಂಟೆಯಲ್ಲಿ ಫಸಲಿನ ಗಿಡಗಳಿದ್ದವು; ಅವರ ಪಟ್ಟಿಯಲ್ಲಿ ಬರೀ ಕಲ್ಲು. ಭಟ್ಟರಿಗೆ ಅದೂ ಇಷ್ಟವಾಗಲಿಲ್ಲ.

"ಕೊಡುವವ ನಾನು. ನೀನು ಲೆಕ್ಕ ತೀರ್ಸಿ ನನ್ನನ್ನು ಅಂಗಡಿಯವ ಮಾಡಿದೆ," ಅಂದರು. ಆದರೂ ಮೂಡಿಗೆರೆಗೆ ಬಂದು ರುಜು ಹಾಕಿದರು. ಹೋಗುವಾಗ ಬಸ್ಸಿನಲ್ಲಿ ಅಕ್ಕಪಕ್ಕ ಕೂತಿದ್ದೆವು, ಮಾತು ಬಹಳ ಇರಲಿಲ್ಲ.

ನನ್ನ ಜಾಗದಲ್ಲಿ ದಾರಿಗೆ ಅಡ್ಡ ಬಂದ ಎರಡು ಸಾಲು ಕಾಫಿ ಗಿಡಗಳನ್ನು ನಾನೇ ಕಡಿದೆ. ಕೂಲಿಯವರ ಕೈಯಲ್ಲಿ ಕಡಿಸಲು ಮನಸ್ಸಾಗಲಿಲ್ಲ. ಜೆಸಿಬಿ ಬಂದು ಮಣ್ಣು ಸರಿಸಿತು. ೨೦೦೬ರ ಮಳೆಗಾಲಕ್ಕೆ ಮುಂಚೆ ದಾರಿ ಆಯಿತು. ಮುಂದಿನ ಕೊಯ್ಲಿಗೆ ಜೀಪು ಸೀದಾ ಅಂಗಳಕ್ಕೆ ಬಂತು. ಹಳೆಯ ದಾರಿಯ ಚರಂಡಿಗೆ ಆ ವರ್ಷದಿಂದ ನಾವು ಹೋಗಲಿಲ್ಲ.

ಅದಲುಬದಲು ಪತ್ರವನ್ನು ತಂತಿಗೆ ಚುಚ್ಚಲಿಲ್ಲ. ಎರಡು ಸಲ ಸ್ಕ್ಯಾನ್ ಮಾಡಿ, ತಲೆ ಬುಡ ಜೋಡಿಸಿ, ಕಂಪ್ಯೂಟರಿನಲ್ಲಿ ಇಟ್ಟಿದ್ದೇನೆ, ಸಿ.ಡಿ.ಯಲ್ಲಿಯೂ ಇದೆ. ಮಗಳಿಗೆ ಒಂದು ಪ್ರತಿ ಕಳಿಸಿದೆ. ಈಗ ಮಡಿಸದೆ ಮಾಡಲು ಬರುತ್ತದೆ.

ಭಟ್ಟರು ಬರುತ್ತಾರೆ, ಹೋಗುತ್ತಾರೆ. ಮೊದಲು ಬಾಳೆಗೊನೆಯನ್ನು ಬೇಲಿಗೆ ಸಿಕ್ಕಿಸಿ ಹೋಗುತ್ತಿದ್ದವರು ಈಗ ಕರೆದು ಕೈಗೆ ಕೊಡುತ್ತಾರೆ. ಕಳೆದ ತಿಂಗಳು ಎರಡು ಸೌತೆಕಾಯಿ ಕೊಟ್ಟು, "ಇದಕ್ಕೆ ಪತ್ರ ಬೇಡವಲ್ಲ?" ಅಂದರು. ನಕ್ಕೇ ಅಂದರು. ನಾನೂ ನಕ್ಕೆ. ತಂದು ಅಡಿಗೆಮನೆಯಲ್ಲಿ ಇಟ್ಟಾಗ ಹೆಂಡತಿ, "ಭಟ್ರು ಒಳಗೆ ಬರ್ಲಿಲ್ವಾ?" ಎಂದು ಕೇಳಿದಳು. ಇಲ್ಲ, ಕೆಲಸ ಇತ್ತಂತೆ, ಎಂದೆ.

ಈಗ ನನ್ನಲ್ಲಿ ಇರುವುದು ಇಷ್ಟು: ಎರಡು ಎಕರೆ ಮೂವತ್ತೆರಡು ಗುಂಟೆ ಜಾಗ, ಅದರೊಳಗೆ ಒಂದು ಮನೆ, ಒಂದು ಕಣ, ಒಂದು ಹಸು. ಒಂದು ಕಂಪ್ಯೂಟರು, ಒಂದು ಸ್ಕ್ಯಾನರು. ರಿಜಿಸ್ಟರಾದ ದಾರಿ ಒಂದು.